ಆಂಟೆನಾ ಕಟ್ಟುವಾಗ ಲೆಕ್ಕ ಮೊದಲೋ, ತಂತಿ ಮೊದಲೋ?

ಪ್ರಶ್ನೆ: ಹನುಮಂತನಗರದ ಹೊಸಬ

ಎಲ್ಲರಿಗೂ ನಮಸ್ಕಾರ. ಹವ್ಯಾಸಿ ರೇಡಿಯೊ ಪರವಾನಗಿ ಕೈಸೇರಿ ಎಂಟು ತಿಂಗಳಾದವು. ಇಷ್ಟು ದಿನ ಅಂಗೈ ಸೆಟ್ಟಿನಲ್ಲಿ ಊರೊಳಗಿನವರ ಜೊತೆ ಮಾತ್ರ ಮಾತನಾಡುತ್ತಿದ್ದವನು, ಕಳೆದ ತಿಂಗಳು ಹಿರಿಯರೊಬ್ಬರಿಂದ ಹಳೆಯ ಎಚ್‌ಎಫ್ (ದೂರದ ಊರುಗಳಿಗೆ ಮಾತನಾಡುವ ಕಿರುತರಂಗದ) ಸೆಟ್ ಕೊಂಡು 40 ಮೀಟರ್ ಬ್ಯಾಂಡಿಗೆ, ಅಂದರೆ 7 ಮೆಗಾಹರ್ಟ್ಸ್ ಆಸುಪಾಸಿಗೆ, ಇಳಿದಿದ್ದೇನೆ. ನಮ್ಮದು ಬೆಂಗಳೂರಿನಲ್ಲಿ 30×40 ಅಡಿಯ ಸೈಟಿನಲ್ಲಿರುವ ಎರಡಂತಸ್ತಿನ ಮನೆ. ತಾರಸಿಯ ಮೇಲೆ ನೀರಿನ ಟ್ಯಾಂಕು, ಸೋಲಾರ್ ಹೀಟರು, ಬಟ್ಟೆ ಒಣಗಿಸುವ ತಂತಿ, ಈಗ ನನ್ನ ಆಂಟೆನಾ.

ಪುಸ್ತಕದಲ್ಲಿರುವಂತೆ 143ನ್ನು ಮೆಗಾಹರ್ಟ್ಸ್ ಸಂಖ್ಯೆಯಿಂದ ಭಾಗಿಸಿ, 7.1ಕ್ಕೆ 20.14 ಮೀಟರ್ ಎಂದು ತೆಗೆದು, ಮನೆಯ ವೈರಿಂಗ್ ಮುಗಿದ ಮೇಲೆ ಉಳಿದಿದ್ದ ಪಿವಿಸಿ ಹೊದಿಕೆಯ ತಂತಿಯಿಂದ ಡೈಪೋಲ್ (ನಡುವಿನಿಂದ ಎರಡು ಸಮ ತೋಳು ಚಾಚಿದ ಆಂಟೆನಾ) ಮಾಡಿದೆ. ಸೈಟಿನ ಕರ್ಣವೇ 50 ಅಡಿ, ಅಂದರೆ 15.2 ಮೀಟರ್ ಇರುವುದರಿಂದ ಎರಡೂ ತುದಿಗಳನ್ನು ಪ್ಯಾರಪೆಟ್ ಗೋಡೆಯ ಗುಂಟ ಬಾಗಿಸಬೇಕಾಯಿತು. ಅವುಗಳಲ್ಲೊಂದು ಹೀಟರಿನ ಕಬ್ಬಿಣದ ಸ್ಟ್ಯಾಂಡಿನಿಂದ ಒಂದು ಗೇಣು ದೂರದಲ್ಲಿ ನಿಂತಿದೆ. ನಡುವನ್ನು ಬಿದಿರಿನ ಗಳಕ್ಕೆ ಕಟ್ಟಿದ್ದೇನೆ. ಅದು ನೆಲದಿಂದ 10 ಮೀಟರ್, ತಾರಸಿಯಿಂದ 3 ಮೀಟರ್ ಎತ್ತರದಲ್ಲಿದೆ. ಅನಲೈಸರ್ ಹಿಡಿದು ನೋಡಿದರೆ ಎಸ್‌ಡಬ್ಲ್ಯುಆರ್ (ಕಳುಹಿಸಿದ ಶಕ್ತಿಯಲ್ಲಿ ಎಷ್ಟು ಹಿಂದಿರುಗುತ್ತಿದೆ ಎಂದು ತೋರಿಸುವ ಸಂಖ್ಯೆ, 1 ಬಂದರೆ ಏನೂ ಹಿಂದಿರುಗುತ್ತಿಲ್ಲ) ಅತಿ ಕಡಿಮೆಯಾದದ್ದು 6.84 ಮೆಗಾಹರ್ಟ್ಸ್‌ನಲ್ಲಿ. ಸಿಟ್ಟಿನಲ್ಲಿ ಎರಡೂ ಕಡೆ 50 ಸೆಂಟಿಮೀಟರ್ ಕತ್ತರಿಸಿದೆ. ಆಗ ಅದು ನೇರವಾಗಿ 7.20ಕ್ಕೆ, ಎಂದರೆ ನಮ್ಮ ದೇಶದಲ್ಲಿ ಈ ಬ್ಯಾಂಡ್ ಮುಗಿಯುವ ಅಂಚಿಗೆ, ಹೋಗಿ ಕುಳಿತಿತು. ಸಾಲದ್ದಕ್ಕೆ, ಅಳೆಯುವಾಗ ಆಂಟೆನಾದಿಂದ ಇಳಿದು ಬರುವ ಕೇಬಲ್ಲನ್ನು ಕೈಯಲ್ಲಿ ಹಿಡಿದರೆ ಒಂದು ಸಂಖ್ಯೆ, ಬಿಟ್ಟರೆ ಇನ್ನೊಂದು.

ಇಬ್ಬರು ಹಿರಿಯರನ್ನು ಕೇಳಿದೆ. ಒಬ್ಬರು, “ಪುಸ್ತಕ ಮುಚ್ಚಿಟ್ಟು ತಾರಸಿ ಹತ್ತಿ, ಹತ್ತು ಸಲ ಕತ್ತರಿಸಿದರೆ ಹನ್ನೊಂದನೆಯ ಸಲ ಸರಿಯಾಗುತ್ತದೆ” ಎಂದರು. ಇನ್ನೊಬ್ಬರು, “ಕಂಪ್ಯೂಟರಿನಲ್ಲಿ ಮಾದರಿ ಮಾಡದೆ ತಂತಿಗೆ ಕತ್ತರಿ ಹಾಕಿದ್ದೇ ತಪ್ಪು” ಎಂದರು. ನಾನು ಅಡಕತ್ತರಿಯೊಳಗಿನ ಅಡಕೆಯಾಗಿದ್ದೇನೆ. ಸೂತ್ರ ತಪ್ಪಿದ್ದೇಕೆ? ಮೈಸೂರು, ಹಾಸನದವರು ಹಗಲಿನಲ್ಲಿ ನನ್ನನ್ನು ಚೆನ್ನಾಗಿ ಕೇಳುತ್ತಾರೆ, ದೆಹಲಿಯವರಿಗೆ ಕೇಳುವುದೇ ಇಲ್ಲ. ಇದು ಉದ್ದದ ದೋಷವೇ? ಆಂಟೆನಾದಲ್ಲಿ ಏನನ್ನಾದರೂ ಬದಲಿಸಿದಾಗ ಅದು ನಿಜವಾಗಿ ಉತ್ತಮವಾಯಿತೆಂದು ತಿಳಿಯುವ ಬಗೆ ಯಾವುದು?

ಉತ್ತರ 1: ಮಲ್ಲೇಶ್ವರದ ಹಳೆ ತಂತಿ

ಪುಸ್ತಕ ಮುಚ್ಚಲು ಹೇಳಿದವನು ನಾನಲ್ಲ, ಆದರೆ ನಾನೂ ಆ ಪಂಗಡಕ್ಕೇ ಸೇರಿದವನು. 1901ರ ಡಿಸೆಂಬರಿನಲ್ಲಿ ಮಾರ್ಕೋನಿಯವರು, ಇಂಗ್ಲೆಂಡಿನ ಪೋಲ್ಡುವಿನಿಂದ ಹೊರಟ ಸಂಕೇತವನ್ನು ಅಟ್ಲಾಂಟಿಕ್ ಸಾಗರದ ಆಚೆ ನ್ಯೂಫೌಂಡ್‌ಲ್ಯಾಂಡಿನಲ್ಲಿ ಗಾಳಿಪಟದಿಂದ ಮೇಲೆತ್ತಿದ ತಂತಿಯಲ್ಲಿ ಕೇಳಿದೆನೆಂದು ಸಾರಿದಾಗ, ಬೆಳಕಿನಂತೆ ನೇರವಾಗಿ ಸಾಗಬೇಕಾದ ಅಲೆಯು ಭೂಮಿಯ ಉಬ್ಬನ್ನು ದಾಟಿದ್ದು ಹೇಗೆಂಬುದಕ್ಕೆ ಆ ಹೊತ್ತಿನ ಸಿದ್ಧಾಂತದಲ್ಲಿ ಉತ್ತರವಿರಲಿಲ್ಲ. ಮೇಲೆ ವಿದ್ಯುತ್ತನ್ನು ಹರಿಯಗೊಡುವ ಪದರವೊಂದಿರಬೇಕೆಂದು ಕೆನೆಲಿ ಮತ್ತು ಹೆವಿಸೈಡ್ ಬೇರೆ ಬೇರೆಯಾಗಿ ಊಹಿಸಿದ್ದು ಮರುವರ್ಷ. ಆ್ಯಪಲ್ಟನ್ ಅವರು ಪ್ರಯೋಗದಿಂದ ಅದನ್ನು ತೋರಿಸಿದ್ದು 1924ರಲ್ಲಿ. ತಂತಿ ಮೊದಲು ಹೋಯಿತು, ಲೆಕ್ಕ ಹಿಂದಿನಿಂದ ಬಂತು.

ಹೀಗೆ ಹೇಳಿಕೊಂಡು ನಲವತ್ತು ವರ್ಷ ತಿರುಗಿದವನು ಒಮ್ಮೆ ಪೆಟ್ಟು ತಿಂದದ್ದನ್ನೂ ಹೇಳಬೇಕು. ಒಂದು ಮಳೆಗಾಲದಲ್ಲಿ ನನ್ನ 2 ಮೀಟರ್ ಬ್ಯಾಂಡಿನ ಆಂಟೆನಾ 144ರಿಂದ 146 ಮೆಗಾಹರ್ಟ್ಸ್‌ವರೆಗೆ ಎಲ್ಲಿ ನೋಡಿದರೂ 1.3ನ್ನು ಮೀರದ ಎಸ್‌ಡಬ್ಲ್ಯುಆರ್ ತೋರಿಸತೊಡಗಿತು. ಗೆಳೆಯರನ್ನು ಕರೆದು ತೋರಿಸಿ, ಕಾಫಿಯನ್ನೂ ಕುಡಿಸಿದೆ. ಆದರೆ ರಾಜಾಜಿನಗರದ ಆಚೆಗೆ ನನ್ನ ದನಿ ಯಾರಿಗೂ ಕೇಳುತ್ತಿರಲಿಲ್ಲ. ಎರಡು ತಿಂಗಳ ಮೇಲೆ ಕನೆಕ್ಟರ್ ಬಿಚ್ಚಿದಾಗ ಕೇಬಲ್ಲಿನೊಳಗಿಂದ ನೀರು ತೊಟ್ಟಿಕ್ಕಿತು. ನೀರು ಹೊಕ್ಕ ಕೇಬಲ್ ಶಕ್ತಿಯನ್ನು ಹೋಗುವಾಗಲೂ ನುಂಗುತ್ತಿತ್ತು, ಆಂಟೆನಾದಿಂದ ಹಿಂದಿರುಗುವಾಗಲೂ ನುಂಗುತ್ತಿತ್ತು. ಹಿಂದಿರುಗಿ ಬರಲು ಏನೂ ಉಳಿಯದಿದ್ದರಿಂದ ಮೀಟರು ಎಲ್ಲವೂ ಸರಿಯಿದೆ ಎನ್ನುತ್ತಿತ್ತು. ನೀರೇ ಬೇಕೆಂದಿಲ್ಲ. 30 ಮೀಟರ್ ಉದ್ದದ ಒಳ್ಳೆಯ ಆರ್‌ಜಿ-58 ಕೇಬಲ್ಲಿನಲ್ಲೇ 145 ಮೆಗಾಹರ್ಟ್ಸ್‌ಗೆ ಸುಮಾರು 6 ಡೆಸಿಬೆಲ್ ನಷ್ಟವಿದೆ, ಅಂದರೆ ಹೊರಟ ಶಕ್ತಿಯ ಕಾಲು ಭಾಗ ಮಾತ್ರ ತುದಿ ತಲುಪುತ್ತದೆ; ಅದರ ತುದಿಗೆ ಆಂಟೆನಾವನ್ನೇ ಕಟ್ಟದೆ ಬಿಟ್ಟರೂ ಕೆಳಗಿನ ಮೀಟರು 1.7 ತೋರಿಸಿ ಸುಮ್ಮನಾಗುತ್ತದೆ. ಇದನ್ನು ನನಗೆ ಕಾಗದದ ಮೇಲೆ ಬರೆದು ತೋರಿಸಿದವನು ಇಂಜಿನಿಯರಿಂಗ್ ಓದುತ್ತಿದ್ದ ನನ್ನ ಅಕ್ಕನ ಮಗ, ಅವನು ಬದುಕಿನಲ್ಲಿ ಒಂದು ಕನೆಕ್ಟರಿಗೂ ಬೆಸುಗೆ ಹಾಕಿದವನಲ್ಲ.

ಆದ್ದರಿಂದ ತಾರಸಿ ಹತ್ತಿ, ಆದರೆ ಮೀಟರು ಏನನ್ನು ಅಳೆಯುತ್ತಿದೆ ಎಂದು ತಿಳಿದುಕೊಂಡು ಹತ್ತಿ. 50 ಓಮ್‌ನ ಡಮ್ಮಿ ಲೋಡಿಗೆ, ಅಂದರೆ ಶಕ್ತಿಯನ್ನು ಹೊರಸೂಸದೆ ಬಿಸಿಯಾಗಿ ಕಳೆಯುವ ರೋಧಕಕ್ಕೆ, 1.0 ಬರುತ್ತದೆ. ಅದರಿಂದ ಪಕ್ಕದ ಬೀದಿಗೂ ಮಾತನಾಡಲಾಗುವುದಿಲ್ಲ.

ಉತ್ತರ 2: ಲೆಕ್ಕದ ಮೇಷ್ಟ್ರು

ಹೊಸಬರೇ, ನೀವು ಸಿಟ್ಟಿನಲ್ಲಿ ಮಾಡಿದ ಕೆಲಸವೇ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಕೊಟ್ಟಿದೆ, ನೀವು ಅದನ್ನು ಓದಿಕೊಂಡಿಲ್ಲ ಅಷ್ಟೆ. ಮೊದಲ ಸಲ ಉದ್ದ 20.14 ಮೀಟರ್, ಅನುರಣನ, ಅಂದರೆ ನಿಮಗೆ ಎಸ್‌ಡಬ್ಲ್ಯುಆರ್ ಅತಿ ಕಡಿಮೆ ಕಂಡ ಜಾಗ, 6.84ರಲ್ಲಿ; ಗುಣಿಸಿದರೆ 137.8. ಎರಡನೆಯ ಸಲ ಉದ್ದ 19.14 ಮೀಟರ್, ಅನುರಣನ 7.20ರಲ್ಲಿ, ಗುಣಿಸಿದರೆ ಮತ್ತೆ 137.8. ಪುಸ್ತಕದ 143 ಎಂಬುದು ತೆರೆದ ಜಾಗದಲ್ಲಿ ಕಟ್ಟಿದ ಬರಿಯ ತಂತಿಗೆ ಹೊಂದುವ ಸರಾಸರಿ ಸಂಖ್ಯೆ. ನಿಮ್ಮ ತಾರಸಿಯ ಸಂಖ್ಯೆ 137.8. ಇದನ್ನು 7.1ರಿಂದ ಭಾಗಿಸಿದರೆ ಸುಮಾರು 19.40 ಮೀಟರ್ ಬರುತ್ತದೆ. ಎರಡೂ ಕಡೆಗೆ 13 ಸೆಂಟಿಮೀಟರ್ ಸೇರಿಸಿದರೆ ಸಾಕು, ಹತ್ತು ಸಲ ಕತ್ತರಿಸುವ ಕಾರಣವಿಲ್ಲ.

143 ಎಲ್ಲಿಂದ ಬಂತೆಂದರೆ, ಬೆಳಕಿನ ವೇಗದಿಂದ ಲೆಕ್ಕ ಹಾಕಿದರೆ ಅರ್ಧ ತರಂಗಾಂತರಕ್ಕೆ 150 ಬರಬೇಕು. ತಂತಿಯ ತುದಿಗಳ ಪರಿಣಾಮಕ್ಕೆಂದು ಅದರಲ್ಲಿ ಸುಮಾರು 5 ಶೇಕಡಾ ಕಳೆದಿದ್ದಾರೆ. ಅಡಿಯ ಲೆಕ್ಕದ 468ರ ಹುಟ್ಟೂ ಹೀಗೆಯೇ. ನಿಮ್ಮ ತಂತಿಯ ಪಿವಿಸಿ ಹೊದಿಕೆ ಅಲೆಯನ್ನು ಇನ್ನೂ ಎರಡು ಮೂರು ಶೇಕಡಾ ನಿಧಾನಗೊಳಿಸುತ್ತದೆ. ಉಳಿದ ಒಂದೆರಡು ಶೇಕಡಾಕ್ಕೆ ನನ್ನ ಅನುಮಾನ ಹೀಟರಿನ ಸ್ಟ್ಯಾಂಡಿನ ಮೇಲೆ ಮತ್ತು ಕಾಂಕ್ರೀಟಿನೊಳಗಿನ ಸರಳುಗಳ ಮೇಲಿದೆ: ಡೈಪೋಲಿನ ತುದಿಯಲ್ಲಿ ವೋಲ್ಟೇಜ್ ಅತಿ ಹೆಚ್ಚಿರುವುದರಿಂದ ಅಲ್ಲಿ ಹತ್ತಿರವಿರುವ ಲೋಹವು ಕೆಪಾಸಿಟರಿನಂತೆ ವರ್ತಿಸಿ ಅನುರಣನವನ್ನು ಕೆಳಗೆ ಎಳೆಯುತ್ತದೆ.

ದೆಹಲಿಯ ವಿಷಯ ಉದ್ದದ ದೋಷವಲ್ಲ. 7.1 ಮೆಗಾಹರ್ಟ್ಸ್‌ನ ತರಂಗಾಂತರ 42 ಮೀಟರ್. ನಿಮ್ಮ 10 ಮೀಟರ್ ಎತ್ತರ ಅದರ ಕಾಲು ಭಾಗಕ್ಕೂ ಸ್ವಲ್ಪ ಕಡಿಮೆ. ಅಷ್ಟು ತಗ್ಗಿನಲ್ಲಿರುವ ಡೈಪೋಲ್ ತನ್ನ ಶಕ್ತಿಯ ಬಹುಪಾಲನ್ನು ನೆತ್ತಿಯ ಮೇಲಕ್ಕೇ ಕಳುಹಿಸುತ್ತದೆ, ಅಯಾನುಗೋಳ (ಹಳೆ ತಂತಿಯವರು ಹೇಳಿದ ಆ ಮೇಲಿನ ಪದರ) ಅದನ್ನು ಸುತ್ತಲಿನ ಕೆಲವು ನೂರು ಕಿಲೋಮೀಟರ್ ವಲಯಕ್ಕೆ ಹಿಂದಿರುಗಿಸುತ್ತದೆ. ಹಗಲಿನಲ್ಲಿ ಮೈಸೂರು, ಹಾಸನ, ಬೆಳಗಾವಿ ಕೇಳುವುದೂ ದೆಹಲಿ ಕೇಳದಿರುವುದೂ ಒಂದೇ ಕಾರಣದಿಂದ. ಓರೆಯಾಗಿ ದೂರ ಹೋಗಬೇಕಾದ ಅಲೆಯನ್ನು ಹಗಲಿನ ಕೆಳಪದರ ಹೀರಿಕೊಳ್ಳುವುದು ಇದಕ್ಕೆ ಕೂಡಿಕೊಂಡಿದೆ. ಇದು ಗೊತ್ತಿಲ್ಲದಿದ್ದರೆ ದೆಹಲಿಗಾಗಿ ನೀವು ವರ್ಷವಿಡೀ ತಂತಿ ಕತ್ತರಿಸುತ್ತ ಇರುತ್ತಿದ್ದಿರಿ. ಸಿದ್ಧಾಂತದಿಂದ ನನಗೆ ಆಗಿರುವ ದೊಡ್ಡ ಉಪಕಾರ ಇಂಥದ್ದೇ: ಯಾವ ಪ್ರಯೋಗಕ್ಕೆ ಕೈಹಾಕಬಾರದು ಎಂದು ಅದು ಮೊದಲೇ ಹೇಳುತ್ತದೆ.

ಹಾಗೆಂದು ಮಾದರಿ ಮಾಡದೆ ತಂತಿ ಮುಟ್ಟಬಾರದೆಂಬ ಮಾತನ್ನು ಒಪ್ಪಲಾರೆ. ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದಲ್ಲಿ ಬೆಳೆದ ನೆಕ್ ಎಂಬ ಲೆಕ್ಕಪದ್ಧತಿಯ ಮೇಲೆ ಕಟ್ಟಿದ ತಂತ್ರಾಂಶಗಳು ಇಂದು ಉಚಿತವಾಗಿ ಸಿಗುತ್ತವೆ, ನಾನೂ ದಿನಾ ಬಳಸುತ್ತೇನೆ. ಅದು ನಿಮ್ಮನ್ನು ಕೇಳುವ ಮೊದಲ ಪ್ರಶ್ನೆ, ನೆಲ ಎಂಥದ್ದು ಎಂದು. ನಿಮ್ಮ ಮನೆಯಲ್ಲಿ ನೆಲ ಎಲ್ಲಿದೆ? 10 ಮೀಟರ್ ಕೆಳಗಿನ ಕೆಂಪು ಮಣ್ಣೇ, 3 ಮೀಟರ್ ಕೆಳಗಿನ ಸರಳಿನ ಜಾಲವೇ? ಆ ಮಣ್ಣು ಏಪ್ರಿಲ್‌ನಲ್ಲಿ ಒಣಗಿದಾಗ ಒಂದು ಬಗೆ, ಮುಂಗಾರು ಮಳೆ ಕುಡಿದಾಗ ಇನ್ನೊಂದು ಬಗೆ. ಪಕ್ಕದ ಮನೆಯ ಹೀಟರು, ಬಾಲ್ಕನಿಯ ಗ್ರಿಲ್ಲು, ಕೇಬಲ್ ಟಿವಿಯವರು ಬಿಟ್ಟುಹೋದ ತಂತಿ, ಇವೆಲ್ಲವನ್ನೂ ಮಾದರಿಗೆ ತುಂಬಲು ಹೊರಟವನು ಆಂಟೆನಾ ಕಟ್ಟುವುದಿಲ್ಲ. ತುದಿಯನ್ನು ಒಂದು ಮೀಟರ್ ಎತ್ತಿದರೆ ಅನುರಣನ ಯಾವ ಕಡೆಗೆ ಸರಿಯುತ್ತದೆ ಎಂಬಂಥ ಪ್ರಶ್ನೆಗೆ ಮಾದರಿಯ ಉತ್ತರವನ್ನು ನಂಬುತ್ತೇನೆ. ಎಷ್ಟು ಕಿಲೋಹರ್ಟ್ಸ್ ಎಂಬುದಕ್ಕೆ ತಾರಸಿಯನ್ನೇ ಕೇಳುತ್ತೇನೆ.

ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರಿನ ಬಳಿ 34.5 ಮೆಗಾಹರ್ಟ್ಸ್‌ಗೆಂದು 1,000 ಡೈಪೋಲ್‌ಗಳನ್ನು ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ ಹರಡಿದ್ದ ರೇಡಿಯೊ ದೂರದರ್ಶಕವೊಂದಿತ್ತು. ಅದರ ಪೂರ್ವ ಪಶ್ಚಿಮ ತೋಳೇ 1.4 ಕಿಲೋಮೀಟರ್ ಉದ್ದವಿತ್ತು. ಅಲ್ಲಿ ಒಂದೊಂದು ಡೈಪೋಲನ್ನೂ ಕತ್ತರಿಸಿ ನೋಡಿ ಸರಿಪಡಿಸುತ್ತ ಕೂರಲಾಗದು, ಲೆಕ್ಕ ಮೊದಲು ಬರಲೇಬೇಕು. ಸಾಲಾಗಿ ಕಡ್ಡಿಗಳಿರುವ, ಹಳೆಯ ಟಿವಿ ಆಂಟೆನಾದಂಥ ಯಾಗಿ ಆಂಟೆನಾದಲ್ಲಿ ಕಥೆ ತಿರುಗುಮುರುಗು. 1920ರ ದಶಕದಲ್ಲಿ ಜಪಾನಿನ ಉಡ ಮತ್ತು ಯಾಗಿ ಅವರು ಅದನ್ನು ರೂಪಿಸಿದ ಎಷ್ಟೋ ವರ್ಷಗಳ ಮೇಲೂ ಅದರ ಕಡ್ಡಿಗಳ ಉದ್ದವನ್ನು ಕೂಲಂಕಷವಾಗಿ ಲೆಕ್ಕ ಹಾಕುವುದು ಕಷ್ಟವಾಗಿತ್ತು. 1976ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯ ಪೀಟರ್ ವೀಜ್‌ಬಿಕಿ ಪ್ರಕಟಿಸಿದ ಕೋಷ್ಟಕಗಳು ಬಯಲಿನಲ್ಲಿ ಕಂಬ ನೆಟ್ಟು ಅಳೆದು ಪಡೆದವು. ಹವ್ಯಾಸಿಗಳು ಅವನ್ನು ಬಹುಕಾಲ ಕಣ್ಣಿಗೊತ್ತಿಕೊಂಡು ಬಳಸಿದ್ದಾರೆ.

ಉತ್ತರ 3: ಒಂಬತ್ತನೆಯ ಮಹಡಿ

ಬೆಳ್ಳಂದೂರಿನ ಅಪಾರ್ಟ್‌ಮೆಂಟಿನಲ್ಲಿರುವ ನನಗೆ ತಾರಸಿಯ ಭಾಗ್ಯವಿಲ್ಲ. ನಿವಾಸಿಗಳ ಸಂಘದವರು ಬಾಲ್ಕನಿಯಿಂದ ಒಂದು ತಂತಿ ಹೊರಚಾಚಿದರೂ ಪತ್ರ ಕಳುಹಿಸುತ್ತಾರೆ. ನನ್ನ ವೃತ್ತಿ ತಂತ್ರಾಂಶ ಪರೀಕ್ಷೆ. ಆ ಅಭ್ಯಾಸದಿಂದ, ನಿಮ್ಮ ಮೂರನೆಯ ಪ್ರಶ್ನೆಗೆ ಇಲ್ಲಿ ಯಾರೂ ಉತ್ತರಿಸಿಲ್ಲ ಎಂಬುದು ಕಣ್ಣಿಗೆ ಬಿತ್ತು. ಪ್ರಯೋಗ ದೊಡ್ಡದೋ ಸಿದ್ಧಾಂತ ದೊಡ್ಡದೋ ಎಂದು ವಾದಿಸುವ ಬಹಳ ಮಂದಿ ಪ್ರಯೋಗವೆಂದು ಕರೆಯುವುದು ಪ್ರಯೋಗವೇ ಅಲ್ಲ ಎಂಬುದು ನನ್ನ ದೂರು.

ಸಾಮಾನ್ಯವಾಗಿ ನಡೆಯುವುದು ಹೀಗೆ. ಬೆಳಗ್ಗೆ ಹಳೆಯ ಆಂಟೆನಾದಲ್ಲಿ ಮಾತನಾಡುತ್ತೇವೆ, ಮಧ್ಯಾಹ್ನ ಹೊಸದನ್ನು ಕಟ್ಟುತ್ತೇವೆ, ಸಂಜೆ ಯಾರೋ “59 ಸರ್, ಬಹಳ ಚೆನ್ನಾಗಿದೆ” ಎನ್ನುತ್ತಾರೆ, ನಾವು ಹೊಸದು ಗೆದ್ದಿತೆಂದು ಸಂಭ್ರಮಿಸುತ್ತೇವೆ. ಆ ನಡುವೆ ಅಯಾನುಗೋಳವೇ ಬದಲಾಗಿದೆ. ಒಂದೇ ನಿಮಿಷದಲ್ಲಿ ಸಂಕೇತ 20 ಡೆಸಿಬೆಲ್ ಏರಿಳಿಯುವುದು ಎಚ್‌ಎಫ್‌ನಲ್ಲಿ ದಿನದಿನದ ಮಾತು. ನಾವು ಹುಡುಕುತ್ತಿರುವ ವ್ಯತ್ಯಾಸ 2 ಅಥವಾ 3 ಡೆಸಿಬೆಲ್ಲಿನದು. ಅಲ್ಲದೆ 59 (ಮಾತಿನ ಸ್ಪಷ್ಟತೆಗೆ 5, ಸಂಕೇತದ ಬಲಕ್ಕೆ 9 ಅಂಕ) ಎಂಬುದು ಅಳತೆಗಿಂತ ಹೆಚ್ಚಾಗಿ ಉಪಚಾರದ ಮಾತು.

ನಾನು ಬಳಸುವುದು ಡಬ್ಲ್ಯುಎಸ್‌ಪಿಆರ್ ಎಂಬ ವಿಧಾನವನ್ನು. ಭೌತವಿಜ್ಞಾನದ ನೊಬೆಲ್ ಪಡೆದ ಜೋ ಟೇಲರ್ ಅವರು ಹವ್ಯಾಸಿಗಳಿಗಾಗಿ ರೂಪಿಸಿದ್ದು. ಸಮಸಂಖ್ಯೆಯ ನಿಮಿಷ ಶುರುವಾದೊಡನೆ ಹೊರಡುವ, ಸುಮಾರು 111 ಸೆಕೆಂಡುಗಳ, ಅತ್ಯಲ್ಪ ಶಕ್ತಿಯ ಸಂಕೇತ ಅದು. ಅದನ್ನು ಕೇಳಿದ ನಿಲ್ದಾಣಗಳು ತಮಗೆ ಎಷ್ಟು ಬಲವಾಗಿ ಕೇಳಿತೆಂಬುದನ್ನು ತಾವಾಗಿ ಅಂತರ್ಜಾಲಕ್ಕೆ ಏರಿಸುತ್ತವೆ, ಅವುಗಳಿಗೆ ಉಪಚಾರ ಗೊತ್ತಿಲ್ಲ. ಒಂದು ಸರದಿಗೆ ಹಳೆಯ ಆಂಟೆನಾ, ಮುಂದಿನ ಸರದಿಗೆ ಹೊಸದು ಎಂದು ಸ್ವಿಚ್ಚಿನಿಂದ ಬದಲಿಸುತ್ತ, ಶಕ್ತಿಯನ್ನು ಬದಲಿಸದೆ, ಮೂರು ನಾಲ್ಕು ದಿನ ನಡೆಸಿ, ಒಂದೇ ನಿಲ್ದಾಣ ಎರಡನ್ನೂ ಕೇಳಿದ ಸಾಲುಗಳನ್ನು ಮಾತ್ರ ಜೋಡಿಸಿ ನೋಡಿ. ಹತ್ತಿರದ ನಿಲ್ದಾಣಗಳನ್ನೂ ದೂರದವನ್ನೂ ಬೇರೆ ಬೇರೆ ಇಡಿ. ಮೇಷ್ಟ್ರು ಹೇಳಿದಂತೆ ಒಂದು ಆಂಟೆನಾ ಹಾಸನಕ್ಕೆ ಒಳ್ಳೆಯದಾಗಿ ದೆಹಲಿಗೆ ಕೆಟ್ಟದಾಗಿರಬಹುದು, ಆಗ ಎರಡನ್ನೂ ಕೂಡಿಸಿ ಸರಾಸರಿ ತೆಗೆದರೆ ಏನೂ ಕಾಣುವುದಿಲ್ಲ.

ಇನ್ನು, ಕೇಬಲ್ ಮುಟ್ಟಿದರೆ ಸಂಖ್ಯೆ ಬದಲಾಗುತ್ತದೆ ಎಂದು ನೀವು ನಡುವೆ ಹೇಳಿ ಮುಂದೆ ಹೋದಿರಿ. ಎಲ್ಲರೂ ಅದನ್ನು ದಾಟಿ ಹೋದದ್ದು ಆಶ್ಚರ್ಯ. ಕೇಬಲ್ಲಿನ ಹೊರಕವಚದ ಮೇಲೆ ವಿದ್ಯುತ್ ಹರಿಯುತ್ತಿದೆ, ಅಂದರೆ ಕೇಬಲ್ಲೂ ನಿಮ್ಮ ಆಂಟೆನಾದ ಮೂರನೆಯ ತೋಳಾಗಿದೆ. ಆ ತೋಳು ಮನೆಯೊಳಕ್ಕೆ ಬಂದು ಎಲ್‌ಇಡಿ ದೀಪಗಳ, ಯುಪಿಎಸ್‌ನ ಗಲಾಟೆಯನ್ನೆಲ್ಲ ಎತ್ತಿಕೊಂಡು ರಿಸೀವರಿಗೆ ಒಯ್ಯುತ್ತದೆ. ಡೈಪೋಲಿನ ನಡುವಿನಲ್ಲೇ, 31 ಸಂಖ್ಯೆಯ ಮಿಶ್ರಣದ ದೊಡ್ಡ ಫೆರೈಟ್ ಉಂಗುರಕ್ಕೆ ತೆಳ್ಳಗಿನ ಕೋಯಾಕ್ಸ್ ಕೇಬಲ್ಲನ್ನು ಹನ್ನೆರಡು ಸುತ್ತು ಸುತ್ತಿ, ಹೊರಕವಚದ ವಿದ್ಯುತ್ತನ್ನು ತಡೆಯುವ ಚೋಕ್ ಮಾಡಿ ಹಾಕಿ. ಎಸ್‌ಪಿ ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಕೊಳ್ಳುವುದಾದರೆ ಮಿಶ್ರಣದ ಸಂಖ್ಯೆಯನ್ನು ಒತ್ತಿ ಕೇಳಿ. “ಎಲ್ಲಾ ಒಂದೇ ಮೇಡಂ” ಎಂಬ ಮಾತು ನಂಬಿ ತಂದ ಮೂರು ಉಂಗುರಗಳು ನನ್ನ ಮನೆಯಲ್ಲಿ ಕಾಗದದ ಮೇಲಿನ ಭಾರವಾಗಿವೆ.

ಉತ್ತರ 4: ಮಲ್ಲೇಶ್ವರದ ಹಳೆ ತಂತಿ

ಮೇಷ್ಟ್ರ ಗುಣಾಕಾರಕ್ಕೆ ತಲೆಬಾಗಿದ್ದೇನೆ, ನಾನು ಇಷ್ಟು ವರ್ಷ ಕತ್ತರಿಸಿ ಎಸೆದ ತಂತಿಯನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಆದರೆ ಆ 137.8 ಎಂಬ ಸಂಖ್ಯೆ ಹುಟ್ಟಿದ್ದು ಹುಡುಗ ತಪ್ಪು ಉದ್ದದ ತಂತಿಯನ್ನು ಕಟ್ಟಿ ಅಳೆದದ್ದರಿಂದ ಎಂಬುದನ್ನೂ ಅವರು ಒಪ್ಪಬೇಕು.

ಲೆಕ್ಕವೂ ಮಾದರಿಯೂ ಹೇಳದ ಎರಡು ಮಾತು. ಬಾಗಿಸಿದ ತುದಿಗಳು ಪ್ಯಾರಪೆಟ್ ಗೋಡೆಯ ಗುಂಟ ಕೈಗೆ ಎಟುಕುವಂತಿವೆ. ಸೆಟ್ಟಿನಿಂದ 100 ವ್ಯಾಟ್ ಹೊರಟಾಗ ಆ ತುದಿಗಳಲ್ಲಿ ಮೈ ಸುಡುವಷ್ಟು ವೋಲ್ಟೇಜ್ ಇರುತ್ತದೆ, ಮನೆಯವರು ಬಟ್ಟೆ ಒಣಹಾಕಲು ಅಲ್ಲಿಗೇ ಬರುತ್ತಾರೆ. ಎತ್ತಿ ಕಟ್ಟಿ. ಎರಡನೆಯದಾಗಿ, ಬಿದಿರು ಬಿದ್ದರೆ ಬೀದಿಯ ವಿದ್ಯುತ್ ತಂತಿಗೆ ತಗಲುತ್ತದೆಯೇ ಎಂದು ಉದ್ದವನ್ನು ಅಳೆದು ನೋಡಿ, ಕಣ್ಣಂದಾಜು ಬೇಡ.

ಪ್ರಶ್ನೆ ಕೇಳಿದವರಿಂದ: ಹನುಮಂತನಗರದ ಹೊಸಬ

ಎಲ್ಲರಿಗೂ ಕೃತಜ್ಞತೆಗಳು. ಎರಡು ವಾರದಲ್ಲಿ ಆದದ್ದನ್ನು ವರದಿ ಮಾಡುತ್ತಿದ್ದೇನೆ. ಎರಡೂ ಕಡೆ 13 ಸೆಂಟಿಮೀಟರ್ ತಂತಿಯನ್ನು ಬೆಸುಗೆ ಹಾಕಿ ಸೇರಿಸಿದಾಗ ಅನುರಣನ 7.11ಕ್ಕೆ ಬಂತು. ಬಿದಿರನ್ನು ಅಳೆದೆ, ಬಿದ್ದರೂ ಬೀದಿಯ ತಂತಿಗೆ ಒಂದು ಮಾರು ಮೊದಲೇ ನಿಲ್ಲುತ್ತದೆ. ಆದರೂ ಹಗ್ಗ ಹಾಕಿ ಬಿಗಿದಿದ್ದೇನೆ. ಬಟ್ಟೆಯ ತಂತಿ ಅಮ್ಮನ ಅಪ್ಪಣೆಯಂತೆ ಇದ್ದಲ್ಲೇ ಇದೆ, ನನ್ನ ತುದಿಗಳು ಅದಕ್ಕಿಂತ ಮೇಲೆ ಹೋಗಲಿವೆ.

ಚೋಕ್ ಹಾಕಿದ ಮೇಲೆ ಕೇಬಲ್ ಮುಟ್ಟಿದರೂ ಸಂಖ್ಯೆ ಕದಲುವುದಿಲ್ಲ, ರಾತ್ರಿಯ ಗದ್ದಲ ಸೆಟ್ಟಿನ ಬಲಮಾಪಕದಲ್ಲಿ ಎಸ್-7ರಿಂದ ಎಸ್-5ಕ್ಕೆ ಇಳಿದಿದೆ. ಆದರೆ ಅನುರಣನ 7.14ಕ್ಕೆ ಸರಿಯಿತು. ಅಂದರೆ ನನ್ನ ತಾರಸಿಯದ್ದೆಂದು ನಂಬಿದ್ದ 137.8ರಲ್ಲಿ ಕೇಬಲ್ಲಿನ ಪಾಲೂ ಸೇರಿತ್ತು. ಈಗ ಅದು 138.5. ಡಬ್ಲ್ಯುಎಸ್‌ಪಿಆರ್ ಹೋಲಿಕೆಗೆ ಎರಡನೆಯ ಆಂಟೆನಾ ಬೇಕು, ಅದಿನ್ನೂ ಆಗಿಲ್ಲ.

ಈ ಭಾನುವಾರ ಹೀಟರಿನ ಪಕ್ಕದ ತುದಿಯನ್ನು ಸ್ಟ್ಯಾಂಡಿನಿಂದ ದೂರ ಸರಿಸಿ, ಎರಡೂ ತುದಿಗಳನ್ನು ತಾರಸಿಯಿಂದ ಎರಡು ಮೀಟರ್ ಮೇಲೆ ಎತ್ತಿ ಕಟ್ಟುತ್ತೇನೆ. ಸಂಖ್ಯೆ ಮೇಲಕ್ಕೇ ಹೋಗಬೇಕು, 139.5 ಆಗಬಹುದೆಂದು ಲೆಕ್ಕದ ಪುಸ್ತಕದಲ್ಲಿ ಈಗಲೇ ಬರೆದು ತಾರೀಖು ಹಾಕಿದ್ದೇನೆ. ಹಾಗಾದರೆ ಅನುರಣನ 7.19ರಲ್ಲಿ ಬರುತ್ತದೆ, ಮತ್ತೆ ತಂತಿ ಸೇರಿಸಬೇಕಾಗುತ್ತದೆ. ಅದಕ್ಕೆಂದು ಎರಡು ಮೀಟರ್ ತಂತಿಯನ್ನು ಉಳಿಸಿಟ್ಟುಕೊಂಡಿದ್ದೇನೆ.

73 (ಹವ್ಯಾಸಿಗಳ ಭಾಷೆಯಲ್ಲಿ ಶುಭಾಶಯ)